ಬಕುಳದ ಕೆಳಗೆ ಗುಡಿಸದ ಜಾಗ

ಬೀದಿ ಗುಡಿಸುವವನು ಅಂದು ಪೊರಕೆಯನ್ನು ಗೋಡೆಗೆ ಒರಗಿಸಿ, ಅಂಗಿಯ ಗುಂಡಿಗಳಿಗೆ ಕಾಜಾ ಹೊಲಿಯುವವಳ ಬಾಗಿಲನ್ನು ತಟ್ಟಿಯೇಬಿಟ್ಟ. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಬಾಗಿಲೆದುರಿನ ಬಕುಳದ ಮರ ತನ್ನ ಪಾಡಿಗೆ ತಾನು ಹೂವುದುರಿಸುತ್ತಿತ್ತು.

ಒಂದೊಂದೇ ಪುಟ್ಟ ಹೂವು ಗಿರಗಿರ ತಿರುಗುತ್ತ ಇಳಿದು ಸದ್ದಿಲ್ಲದೆ ಕೂರುತ್ತಿತ್ತು. ಆ ಪರಿಮಳದಲ್ಲಿ ನಿಂತಾಗಲೆಲ್ಲ ಬೀದಿಗೆ ಬೀದಿಯೇ ನಿದ್ದೆಯಲ್ಲಿ ನಗುತ್ತಿದೆ ಅನ್ನಿಸುತ್ತಿತ್ತು ಅವನಿಗೆ. ಹನ್ನೊಂದು ವರ್ಷದಿಂದ ಆ ತುದಿಯಿಂದ ಈ ತುದಿಯವರೆಗೆ ಗುಡಿಸುತ್ತಿದ್ದವನು ಮರದ ಕೆಳಗೆ ಒಂದು ಚಾಪೆಯಗಲ ಜಾಗವನ್ನು ಮಾತ್ರ ಹಾಗೇ ಬಿಡುತ್ತಿದ್ದ. ಅವನು ತಿರುವು ದಾಟಿದೊಡನೆ ಅವಳು ಬುಟ್ಟಿ ಹಿಡಿದು ಹೊರಬಂದು, ಒಂದೂ ಬಿಡದೆ ಹೂವಾಯುತ್ತಿದ್ದಳು. ತಿರುವಿನ ಮರೆಯಲ್ಲಿ ನಿಂತು ಅದನ್ನು ನೋಡದೆ ಅವನ ದಿನ ಶುರುವಾಗುತ್ತಿರಲಿಲ್ಲ. ಮೇಸ್ತ್ರಿ ಎರಡು ಸಲ ಹಿಡಿದು ಉಗಿದಾಗ "ಮರೆತೆ ಸಾರ್" ಎಂದು ಹಲ್ಲು ಕಿರಿದಿದ್ದ.

ಹೆಂಡತಿ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು ಅವನಿಗೆ. ಮದುವೆಯ ಗೊಡವೆಗೇ ಹೋಗದ ಇವಳ ಜೊತೆ ಹೂವಿನಲ್ಲೇ ಮಾತಾಡುತ್ತಿದ್ದೇನೆ ಎಂದುಕೊಂಡಿದ್ದ, ಪುಣ್ಯಾತ್ಮ. ನಾಳೆಯಿಂದ ಅವನಿಗೆ ಬೇರೆ ಬೀದಿ. ಇವತ್ತು ಬಾಯಿ ಬಿಡದಿದ್ದರೆ ಇನ್ನು ಯಾವತ್ತೂ ಇಲ್ಲ.

ಬಾಗಿಲು ತೆರೆಯಿತು. ರವಿಕೆಯ ತೋಳಿಗೆ ಸೂಜಿ ಚುಚ್ಚಿಕೊಂಡೇ ಬಂದಿದ್ದಳು.

"ಏನ್ರೀ?"

ಎಲೆಯಲ್ಲಿ ಸುತ್ತಿದ್ದ ನಾಲ್ಕು ಬಕುಳದ ಹಣ್ಣನ್ನು ಮುಂದೆ ಹಿಡಿದ. "ನಾಳೆಯಿಂದ ನನ್ನ ಬೇರೆ ಬೀದಿಗೆ ಹಾಕಿದ್ದಾರೆ, ಇಲ್ಲಿಗೆ ಹೊಸಬ ಬರ್ತಾನೆ. ಅವನು ಹೂವೆಲ್ಲ ಗುಡಿಸಿಬಿಡ್ತಾನೆ. ನಿಮಗೆ ಹೂವಿಲ್ಲದ ಹಾಗಾಗುತ್ತಲ್ಲ ಅಂತ..."

"ನಂಗ್ಯಾಕೆ ಹೂವು? ಆ ವಾಸನೆಗೆ ತಲೆ ಸಿಡಿಯುತ್ತೆ."

ಅವನ ಮುಖ ಸಪ್ಪಗಾಯಿತು. "ಮತ್ತೆ ದಿನಾ ಆಯ್ತಿದ್ರಲ್ಲ?"

"ಇನ್ನೇನ್ಮಾಡ್ಲಿ? ಇಲ್ಲಿಗೆ ಬರೋ ಹೊತ್ತಿಗೆ ನೀವು ಸೊಂಟ ಹಿಡ್ಕೊಂಡು ನಿಂತುಬಿಡ್ತೀರಿ. ಕಿಟಕಿಯಿಂದ ದಿನಾ ನೋಡ್ತೀನಿ. ಪಾಪ, ಬಗ್ಗೋಕಾಗಲ್ಲ, ಅದಕ್ಕೇ ಬಿಟ್ಟು ಹೋಗ್ತಾರೆ, ಮೇಸ್ತ್ರಿ ಕೈಲಿ ಬೈಸ್ಕೋಬಾರದು ಅಂತ ನಾನೇ ಎತ್ತಿ ಹಿತ್ತಲಲ್ಲಿ ಸುರೀತಿದ್ದೆ."

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸೊಂಟ ಗಟ್ಟಿಮುಟ್ಟಾಗಿಯೇ ಇತ್ತು. ಅವಳ ಕಿಟಕಿಯ ದೀಪ ನೋಡಲೆಂದು ಅಲ್ಲಿ ನಿಲ್ಲುತ್ತಿದ್ದ, ನಿಂತದ್ದಕ್ಕೊಂದು ನೆಪ ಬೇಕಲ್ಲ ಎಂದು ಸೊಂಟಕ್ಕೆ ಕೈ ಕೊಡುತ್ತಿದ್ದ, ಅಷ್ಟೆ.

"ನನ್ನ ಸೊಂಟಕ್ಕೇನೂ ಆಗಿಲ್ಲ," ಎಂದ ತೊದಲುತ್ತ. "ನಿಮಗೆ ಹೂವು ಇಷ್ಟ ಅಂತ ಬಿಟ್ಟೆ. ನೀವು ಹೊರಗೆ ಬರೋದನ್ನ ನೋಡ್ಬಹುದು ಅಂತ ಬಿಟ್ಟೆ."

ಅವಳು ಎಲೆಯ ಪೊಟ್ಟಣ ಈಸಿಕೊಂಡಳು. ಒಂದು ಹಣ್ಣು ಸುಲಿದು ಬಾಯಿಗಿಟ್ಟುಕೊಂಡಳು. ಒಗರಿಗೆ ಮುಖ ಕಿವುಚಿದಳು, ಆಮೇಲೆ ಸಿಹಿಯೂ ಸಿಕ್ಕಿತೇನೋ, ನಿಧಾನಕ್ಕೆ ಚಪ್ಪರಿಸಿದಳು. ಅಷ್ಟು ಹೊತ್ತೂ ಅವನ ತಲೆಯ ಮೇಲೆ, ಹೆಗಲ ಮೇಲೆ ಹೂವು ಬೀಳುತ್ತಲೇ ಇತ್ತು. ಅವನು ಕೊಡವಿಕೊಳ್ಳಲಿಲ್ಲ.

"ಹನ್ನೊಂದು ವರ್ಷ ದಿನಾ ತಲೆನೋವು ತಡ್ಕೊಂಡಿದ್ದೀನಿ," ಎಂದು ಅವಳು ಹೊಸ್ತಿಲಿನಿಂದ ಪಕ್ಕಕ್ಕೆ ಸರಿದು ಬಾಗಿಲನ್ನು ಪೂರ್ತಿ ತೆರೆದಳು. "ಇದನ್ನ ತಟ್ಟೋಕೆ ನಿಮ್ಮನ್ನ ಬೇರೆ ಬೀದಿಗೇ ಹಾಕ್ಬೇಕಿತ್ತಾ?"