ಗುಜರಿ ಡಬ್ಬದ ಚಾಕು

"ಇದೂ ಅಲ್ಲಾಡ್ತಿದೆ!" ತಮ್ಮ ಮಾಡಿದ ಮಡಚುವ ಚಾಕುವನ್ನು ಬಿಚ್ಚಿ, ಅಲಗನ್ನು ಬೆರಳಿನಿಂದ ಅಲುಗಾಡಿಸಿ ನೋಡಿದ ಅಣ್ಣ, ಅದನ್ನು ಗುಜರಿ ಡಬ್ಬಕ್ಕೆ ಎಸೆದ. "ಅಗ್ಗದ್ದು ಅಂತ ಕೀಲು ಸಡಿಲ ಬಿಟ್ರೆ, ಒತ್ತಿದಾಗ ಮಡಚ್ಕೊಂಡು ಕೊಂಡವನ ಬೆರಳೇ ಹೋಗುತ್ತೆ. ಈ ಜನ್ಮಕ್ಕೆ ನಿನಗೆ ಕೆಲಸ ಬರಲ್ಲ ಬಿಡು."

ತಮ್ಮನಿಗೆ ಪಿತ್ತ ನೆತ್ತಿಗೇರಿತು. ತಾನೇ ಮಾಡಿ ಆಗಷ್ಟೇ ಸಾಣೆ ಹಿಡಿದಿದ್ದ ಇನ್ನೊಂದು ಚಾಕು ಬಿಚ್ಚಿಕೊಂಡು ಅಣ್ಣನ ಎದೆಗೇ ನುಗ್ಗಿದ. ಅಣ್ಣ ಕೈ ಅಡ್ಡ ಹಿಡಿದ. ಅಲಗು ಅಂಗೈಯನ್ನು ತೂರಿ ಆಚೆ ಬಂತು. ಸಾಣೆಕಲ್ಲಿನ ಮೇಲೆ ರಕ್ತ ಸುರಿಯತೊಡಗಿದಾಗ ತಮ್ಮ ಹಿಡಿ ಬಿಟ್ಟು ಗೋಡೆಗೆ ಒರಗಿದ.

ಅಣ್ಣ ಹಲ್ಲು ಕಚ್ಚಿಕೊಂಡು, ಅಂಗೈಯಲ್ಲಿ ನೆಟ್ಟಿದ್ದ ಚಾಕುವಿನ ಹಿಡಿಯನ್ನು ಇನ್ನೊಂದು ಕೈಯಿಂದ ಮೆಲ್ಲಗೆ ಅಲುಗಾಡಿಸಿ ನೋಡಿದ. ಕೀಲು ಕೂದಲೆಳೆಯಷ್ಟೂ ಸಡಿಲವಿರಲಿಲ್ಲ.

"ಇದು ಪಾಸು ಕಣೋ," ಎಂದ.