ನೆನಪಿನಲ್ಲಿದ್ದ ನೀಲಿ

"ಇದು ಕೋರ್ಟಿಗೆ ಹೋಗೋ ಫೋಟೋ ಅಲ್ಲ ತಾನೆ?" ಸ್ಟುಡಿಯೋದವನು ಕೇಳಿದ.

ಎದುರು ಕೂತ ಹೆಂಗಸು ಅಲ್ಲವೆಂದು ತಲೆಯಾಡಿಸಿದಳು. ಫೋಟೋದಲ್ಲಿ ನೀರಿನಂಚಿಗೊಂದು ದೋಣಿ, ದೋಣಿಗೆ ಒರಗಿ ನಗುವ ಹುಡುಗಿ, ಮೇಲೆ ಕಾಡಿಗೆಯಂಥ ಮೋಡ. ಅದನ್ನು ತೆಗೆದು ನೀಲಿ ಆಕಾಶ ಹಾಕಬೇಕಂತೆ. ಅವನಿಗದು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ಆದರೆ ಯಾರಾದರೂ ಆರು ವರ್ಷದ ಹಳೇ ಫೋಟೋವನ್ನು ಫ್ರೇಮಿನಿಂದ ಬಿಚ್ಚಿ ತಂದರೆ ಅನುಮಾನ ಬರದಿರುತ್ತದೆಯೇ?

ಅದು ಮಗಳ ಕೊನೆಯ ಫೋಟೋ ಎಂದಳು. ಗಂಡನ ಕ್ಯಾಮೆರಾದಲ್ಲಿ ತೆಗೆದವಳು ತಾನೇ. ಗಂಡ ಕೈಯಾರೆ ರಿಪೇರಿ ಮಾಡಿದ್ದ ದೋಣಿಗೆ ಅಪ್ಪ-ಮಗಳನ್ನು ಹತ್ತಿಸಿ, ಕೈಬೀಸಿ ಮನೆಗೆ ಹೋದವಳೂ ತಾನೇ. ನಡುನೀರಿನಲ್ಲಿ ಬಿರುಗಾಳಿ ಎದ್ದು ದೋಣಿ ಮುಳುಗಿತಂತೆ. ಗಂಡನೊಬ್ಬನೇ ಈಜಿ ದಡ ಸೇರಿದ. ವಾರದೊಳಗೆ ಈ ಫೋಟೋ ದೊಡ್ಡದು ಮಾಡಿಸಿ ತಂದು ಹಾಸಿಗೆಯೆದುರು ನೇತುಹಾಕಿದ. ಇಂಥ ಮೋಡ ಕಂಡೂ ಹೇಗೆ ಕಳಿಸಿದೆ ಎಂದು ಒಂದೇ ಒಂದು ಸಲ ಕೇಳಿದ. ಅಂದಿನಿಂದ ಅವಳು ನೆಟ್ಟಗೆ ನಿದ್ದೆ ಮಾಡಿಲ್ಲ.

"ನಂಗೆ ಈಗಲೂ ನೀಲಿ ಆಕಾಶವೇ ನೆನಪಿರೋದು. ತಪ್ಪು ಮಾಡಿದೋರ ಮನಸ್ಸು ಹಾಗೇ ಅಂತಾರೆ ನಮ್ಮನೆಯವ್ರು. ಫೋಟೋ ಸುಳ್ಳು ಹೇಳುತ್ತಾ? ನೀವು ಹಾಕೋದು ಸುಳ್ಳೇ ಆಗ್ಲಿ. ಒಂದು ದಿನ ಅದನ್ನ ನೋಡ್ತಾ ಮಲಗ್ತೀನಿ."

ಅವನು ಫೋಟೋ ಸ್ಕ್ಯಾನ್ ಮಾಡಿ ಕೆಲಸಕ್ಕೆ ಕೂತ.

ಅವನಿಗೊಂದು ಚಟವಿತ್ತು. ಬದಲಿಸಿದ ಪ್ರತಿ ಆಕಾಶದ ಬಲಮೂಲೆಯಲ್ಲೂ ಎಳ್ಳಿನಷ್ಟು ಹಕ್ಕಿಯೊಂದನ್ನು ಬಿಡುತ್ತಿದ್ದ, ಒಂದು ರೆಕ್ಕೆ ಗಿಡ್ಡ. ಅದೇ ಅವನ ರುಜು. ಹದಿನೈದು ವರ್ಷದಲ್ಲಿ ಯಾವ ಗಿರಾಕಿಯೂ ಗಮನಿಸಿರಲಿಲ್ಲ. ದಿನಕ್ಕೆ ಹತ್ತಾರು ಆಕಾಶ. ಯಾರ ತಲೆಯ ಮೇಲೆ ಯಾವುದನ್ನು ಹಾಕಿದೆನೆಂದು ಅವನಿಗೇ ನೆನಪಿರುತ್ತಿರಲಿಲ್ಲ.

ಬಿಸಿಲಿನ ಆಕಾಶ ಹಾಕಿದರೆ ನೆಲದ ಮೇಲೆ ನೆರಳು ಬರೆಯಬೇಕು, ಅದೇ ತಲೆನೋವು. ಪುಣ್ಯಕ್ಕೆ ಹುಡುಗಿಯ ಕಾಲಬುಡದಲ್ಲಿ ಕಡುನೆರಳು ಆಗಲೇ ಇತ್ತು. ಅರ್ಧ ಕೆಲಸ ಉಳಿಯಿತೆಂದುಕೊಂಡ. ನೀಲಿ ಹಾಕಿದ್ದೇ ತಡ, ಬಿಸಿಲು, ನೆರಳು, ನಗು ಎಲ್ಲವೂ ಹೇಳಿ ಮಾಡಿಸಿದಂತೆ ಹೊಂದಿಕೊಂಡವು.

ಹಳೆಯದನ್ನೂ ಹೊಸದನ್ನೂ ಪರದೆಯ ಮೇಲೆ ಪಕ್ಕಪಕ್ಕ ಇಟ್ಟು ತೋರಿಸಿದ. ಅವಳು ಹೊಸದನ್ನೇ ದಿಟ್ಟಿಸಿದಳು. ಕಣ್ಣು ತುಂಬಿ ಬಂತು.

"ಹೀಗೇ ಇತ್ತು," ಎಂದಳು. "ಅಂದ್ರೆ, ಇತ್ತು ಅಂತ ನನ್ನ ಭ್ರಮೆ."

ಉಳಿದದ್ದು ರುಜು ಒಂದೇ. ಅವನು ಬಲಮೂಲೆಯನ್ನು ದೊಡ್ಡದು ಮಾಡಿದ. ಎರಡೂ ಫೋಟೋಗಳ ಮೂಲೆಗಳು ಒಟ್ಟಿಗೇ ಹಿಗ್ಗಿದವು. ಹೊಸದರ ನೀಲಿ ಇನ್ನೂ ಖಾಲಿಯಿತ್ತು.

ಹಳೆಯದರ ಕಪ್ಪು ಮೋಡದಲ್ಲಿ ಹಕ್ಕಿಯೊಂದು ಹಾರುತ್ತಿತ್ತು, ಒಂದು ರೆಕ್ಕೆ ಗಿಡ್ಡ.