ಉಬ್ಬರದ ಕಳ್ಳ

"ಹಿಡೀರೋ ಅವನನ್ನ! ಲ್ಯಾಪ್‌ಟಾಪ್ ಬಿಡಬೇಡಿ!"

ತೇಜೊ ತಿರುಗಿ ನೋಡಲಿಲ್ಲ. ಇಂಡೊನೇಷ್ಯಾದ ಸೆಮಾರಂಗ್ ಬಂದರಿನ ಓಣಿಗಳಿಗೆ ಉಬ್ಬರದ ನೀರು ನುಗ್ಗಿತ್ತು, ಮೊಣಕಾಲುದ್ದ. ಒಂದು ಚಪ್ಪಲಿ ತೇಲಿಹೋಯಿತು. ಹೋಗಲಿ. ಲ್ಯಾಪ್‌ಟಾಪ್ ಹೋದರೆ ಅಮ್ಮನ ಒಲೆ ಮತ್ತೆ ಮುಳುಗುತ್ತದೆ.

ಬೆನ್ನಟ್ಟಿದವಳು ರೆಟ್ನೊ. ಅವಳೂ ಗೆಳೆಯರೂ ಒಂದು ಕೋಣೆಯಲ್ಲಿ ಕೂತು ಕಟ್ಟಿದ ತಂತ್ರಾಂಶ, ಯಾವ ಓಣಿಗೆ ಯಾವಾಗ ನೀರು ಅಂತ ಮೊದಲೇ ಹೇಳುತ್ತಿತ್ತು. ತೇಜೊನ ಓಣಿಯ ಹೆಸರೇ ಅದರಲ್ಲಿರಲಿಲ್ಲ. ಅಮ್ಮ ಸಾರು-ಅನ್ನ ಮಾರುವ ಅಂಗಡಿ ಸುಳಿವಿಲ್ಲದೆ ಮುಳುಗುತ್ತಿತ್ತು. ಬಡವರು ಕೇಳಿದರೆ ಈ ಲೋಕದಲ್ಲಿ ಯಾವನು ಕೊಟ್ಟಿದ್ದಾನೆ? ತೇಜೊ ಕೇಳಲಿಲ್ಲ. ಕದ್ದ.

ಕದಿಯೋದು ಕಷ್ಟವೇ ಆಗಲಿಲ್ಲ. ಅವರ ಕೋಣೆಯ ಬಾಗಿಲಿಗೆ ಚಿಲಕವಿಲ್ಲ. ಹೆಸರೂ ಕೇಳದೆ ಕುರ್ಚಿ ಕೊಟ್ಟರು. ಒಬ್ಬ ಕರಿದ ಸೋಯಾ ಟೆಂಪೆಯ ತಟ್ಟೆ ಬೇರೆ ಮುಂದಿಟ್ಟ. ಎಂಥ ಪೆದ್ದರು ಅಂದುಕೊಳ್ಳುತ್ತಲೇ ತಂತ್ರಾಂಶವನ್ನೆಲ್ಲ ತನ್ನ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡ.

ಮನೆಯಲ್ಲಿ ನೋಡಿದರೆ ಲೆಕ್ಕವೇ ತಪ್ಪು. ನೀರು ರಸ್ತೆಯಿಂದ ಬರುತ್ತದೆ ಅಂತ ಅದರ ನಂಬಿಕೆ. ಇವರ ಓಣಿಯಲ್ಲಿ ಅದು ಚರಂಡಿಯಿಂದ ಉಕ್ಕುತ್ತದೆ. ಬೈದುಕೊಂಡೇ ತಿದ್ದಿದ.

ಇವತ್ತು, ಹೊಸದೇನಾದರೂ ಸಿಕ್ಕೀತು ಅಂತ, ಮತ್ತೆ ಹೋಗಿ ಮೂಲೆಯಲ್ಲಿ ಕೂತಿದ್ದ. ರೆಟ್ನೊ ಬೆನ್ನ ಹಿಂದಿನಿಂದ ಬಗ್ಗಿ ಪರದೆ ನೋಡಿದಳು. ಅವನು ತಿದ್ದಿದ ಚರಂಡಿಯ ಲೆಕ್ಕ ಅಲ್ಲಿ ತೆರೆದೇ ಇತ್ತು.

"ಏಯ್, ಇದು ನಮ್ಮದಲ್ವೇನೋ?"

ತೇಜೊ ಎದ್ದವನೇ ಓಟ ಕಿತ್ತಿದ್ದ.

ಅಮ್ಮನ ಅಂಗಡಿಯ ಮುಂದೆ ಜಾರಿ ಬಿದ್ದ. ಲ್ಯಾಪ್‌ಟಾಪನ್ನು ಮಾತ್ರ ತಲೆಯ ಮೇಲೆತ್ತಿ ಹಿಡಿದಿದ್ದ. ಒಳಗೆ ಒಲೆ ಬೆಂಚಿನ ಮೇಲೆ ಉರಿಯುತ್ತಿತ್ತು. ಅವನು ತಿದ್ದಿದ ಲೆಕ್ಕ ನಂಬಿ ಅಮ್ಮ ನೀರು ಬರುವ ಮೊದಲೇ ಎತ್ತಿಟ್ಟಿದ್ದಳು. ಸೌಟು ಹಿಡಿದೇ ಹೊರಬಂದಳು.

"ಯಾಕಮ್ಮ, ನನ್ ಮಗನ್ನ ನಾಯಿನ ಅಟ್ಟಿದಂಗೆ ಅಟ್ಟಿಸ್ಕೊಂಡು ಬರ್ತಿದೀರಿ?"

"ನಿಮ್ಮ ಮಗ ಕಳ್ಳ, ಅಮ್ಮಾ!" ರೆಟ್ನೊ ಏದುಸಿರು ಬಿಟ್ಟಳು.

"ಪೊಲೀಸ್ರಿಗೆ ಮಾತ್ರ ಕೊಡಬೇಡಿ ಅಕ್ಕಾ," ತೇಜೊ ಗೋಗರೆದ. "ನಿಮ್ಮದೆಲ್ಲ ಈಗಲೇ ಅಳಿಸಿಹಾಕ್ತೀನಿ."

"ಅಳಿಸ್ತೀಯಾ? ಕೈ ಮುರೀತೀನಿ! ನಮ್ಮದು ಇರೋದೇ ಯಾರು ಬೇಕಾದ್ರೂ ತಗೊಳ್ಳಲಿ ಅಂತ ಕಣೋ ಮಂಕೇ. ಆ ಚರಂಡಿ ಲೆಕ್ಕ ಬಗೆಹರೀದೆ ನಾವೆಲ್ಲ ತಲೆ ಚಚ್ಚಿಕೊಳ್ತಿದ್ರೆ, ಅದನ್ನ ಸರಿಮಾಡಿ ನೀನೊಬ್ನೇ ಇಟ್ಕೊಂಡು ಓಡ್ತೀಯಲ್ಲ, ಅದು ಕಳ್ಳತನ!"